ಹಾರ್ಮೋನಿಯಂ: ಮುಟ್ಟದಿದ್ದರೂ ಒಂದು ಮನೆ ಕೂಗುತ್ತದೆ, ಎಡಗೈ ಸೋಲುತ್ತದೆ. ವಯಸ್ಸಾ, ಪೆಟ್ಟಿಗೆಯಾ?

ಕಂಗಿನಡಿ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ರಿಟೈರ್ ಆದ ಮೇಲೆ ಹಾರ್ಮೋನಿಯಂ ಕಲಿಯಲು ಹೊರಟವಳು ನಾನು. ಅರವತ್ತು ದಾಟಿದೆ. ದೊಡ್ಡ ಆಸೆಯೇನೂ ಇಲ್ಲ. ನಮ್ಮ ಭಜನಾ ಮಂದಿರದಲ್ಲಿ ಶುಕ್ರವಾರದ ಭಜನೆಗೆ ಪೆಟ್ಟಿಗೆ ಹಿಡಿದು ಕೂರುವಷ್ಟು ಬಂದರೆ ಸಾಕು. ಪೆಟ್ಟಿಗೆ ಮಾವನವರ ಕಾಲದ್ದು, ಉಪ್ಪರಿಗೆಯಲ್ಲಿ ಸುಮ್ನೆ ಬಿದ್ದಿತ್ತು. ಬೇಸಿಗೆಯಲ್ಲಿ ಪರವಾಗಿರಲಿಲ್ಲ. ಮಳೆ ಹಿಡಿದ ಮೇಲೆ ಶುರುವಾಯಿತು ನೋಡಿ.

ಬಿಳಿ ಆರನೇ ಮನೆ, ಅಂದರೆ ಬೆರಳಿನಿಂದ ಒತ್ತುವ ಕೀಲಿ, ಮುಟ್ಟದಿದ್ದರೂ ಸಣ್ಣಗೆ ಕೂಗುತ್ತಲೇ ಇರುತ್ತದೆ. ತಿದಿ ಎಷ್ಟು ಒತ್ತಿದರೂ ಗಾಳಿ ಸಾಲುವುದಿಲ್ಲ. ಒಂದು ಹಾಡು ಮುಗಿಯುವಷ್ಟರಲ್ಲಿ ಎಡಗೈ ಭುಜದಿಂದಲೇ ಸೋತು ಹೋಗುತ್ತದೆ. ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಬೇರೆ. ಇನ್ನೊಂದು ವಿಷಯ: ಬಾಯಲ್ಲಿ ಬರುವ ಗಮಕ, ಅಂದರೆ ಸ್ವರವನ್ನು ಜಾರಿಸಿ ಆಡಿಸುವುದು, ಬೆರಳಲ್ಲಿ ಬರುವುದೇ ಇಲ್ಲ. ಚಿಕ್ಕಂದಿನಲ್ಲಿ ಸ್ವಲ್ಪ ಪಾಠ ಆಗಿದೆ, ಹಾಗಾಗಿ ತಪ್ಪಿದ್ದು ಕಿವಿಗೆ ಗೊತ್ತಾಗುತ್ತದೆ. "ಈ ಪ್ರಾಯದಲ್ಲಿ ಯಾಕಮ್ಮ ಇದೆಲ್ಲ" ಎನ್ನುತ್ತಾನೆ ಮಗ. ಪ್ರಾಯದ್ದೇ ತೊಂದರೆ ಆದರೆ ಹೇಳಿಬಿಡಿ, ಬೇಜಾರಿಲ್ಲ.

ಹೊಸೂರು ಹುಡುಗ

ಅಕ್ಕ, ಹಳೇ ಪೆಟ್ಟಿಗೆ ಜೊತೆ ಯಾಕೆ ಗುದ್ದಾಟ? ಒಂದು ಸ್ಕೇಲ್ ಚೇಂಜರ್ ತಗೊಂಡುಬಿಡಿ. ಯಾವ ಶ್ರುತಿ ಬೇಕೋ ಆ ಶ್ರುತಿಗೆ ಜರುಗಿಸಿದರೆ ಆಯ್ತು, ಬೆರಳು ಬದಲಾಯಿಸೋ ಕೆಲಸವೇ ಇಲ್ಲ.

ಮಂಜೇಶ್ವರ ಮಾಷ್ಟ್ರು

ತಮ್ಮಾ, ಹೊಸೂರಿನ ಹವೆ ಬೇರೆ, ನಮ್ಮ ಮಳೆಗಾಲದ ಆಟಿ ತಿಂಗಳು ಬೇರೆ. ಸ್ಕೇಲ್ ಚೇಂಜರ್‌ನಲ್ಲಿ ಇಡೀ ಮನೆಗಳ ಹಲಗೆಯೇ ಜರುಗಬೇಕು. ಮರ ಉಬ್ಬಿದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ಭಾರವೂ ಜಾಸ್ತಿ. ಮಂದಿರಕ್ಕೆ ಹೊತ್ತುಕೊಂಡು ಹೋಗುವವರಿಗೆ ಅದು ಬೇಡ.

ಅಕ್ಕ, ಪ್ರಾಯದ ಮಾತು ಆಮೇಲೆ ನೋಡುವ. ಮೊದಲು ಪೆಟ್ಟಿಗೆಯನ್ನು ಪರೀಕ್ಷೆ ಮಾಡಿ. ಗಾಳಿಯ ದಾರಿ ತೆರೆದು ಮುಚ್ಚುವ ಎದುರಿನ ಗುಂಡಿಗಳನ್ನೆಲ್ಲ ಒಳಗೆ ತಳ್ಳಿ ಮುಚ್ಚಿ. ಈಗ ತಿದಿ ಒತ್ತುತ್ತಾ ಹೋಗಿ. ಸರಿಯಿರುವ ಪೆಟ್ಟಿಗೆಯಾದರೆ ಒಳಗಿನ ತಿದಿ ತುಂಬಿ, ನಾಲ್ಕಾರು ಸಲಕ್ಕೆಲ್ಲ ಕೈಗೆ ಬಿಗಿ ಹತ್ತುತ್ತದೆ, ಮತ್ತೆ ಒತ್ತಲು ಬಿಡುವುದಿಲ್ಲ. ಬಿಗಿಯೇ ಬಾರದೆ ಬುಸ್ಸೆಂದು ಹೋಗುತ್ತಿದ್ದರೆ ತಿದಿಯಲ್ಲೇ ತೂತು. ಬಿಗಿ ಬಂತು, ಆದರೆ ಗುಂಡಿ ಎಳೆದ ಕೂಡಲೇ ಯಾವ ಮನೆಯನ್ನೂ ಒತ್ತದಿದ್ದರೂ ಸಡಿಲವಾಯಿತು ಅಂದರೆ, ಗಾಳಿ ಮನೆಗಳ ಕಡೆಯಿಂದ ಸೋರುತ್ತಿದೆ ಎಂದರ್ಥ. ತೂತು ಹುಡುಕಲು ಊದುಬತ್ತಿ ಹಿಡಿಯುವವರಿದ್ದಾರೆ, ಬಟ್ಟೆ ಚರ್ಮದ ಹತ್ತಿರ ಅದು ಬೇಡ. ಕೈಯ ಹಿಂಬದಿ ಒದ್ದೆ ಮಾಡಿ ಮಡಿಕೆಗಳ ಮೂಲೆ ಮೂಲೆಗೆ ಹಿಡಿಯಿರಿ, ತಣ್ಣಗೆ ತಾಗುತ್ತದೆ.

ಇನ್ನು ಕೂಗುವ ಮನೆ. ಪ್ರತಿ ಮನೆಯ ಹಿಂದೆ ಒಂದು ಮರದ ಮುಚ್ಚಳ, ಅದರಡಿ ಚರ್ಮ. ಅದನ್ನು ತೂತಿನ ಮೇಲೆ ಅದುಮಿ ಹಿಡಿಯುವುದು ಒಂದು ತಂತಿ ಸ್ಪ್ರಿಂಗ್. ಕೂಗುತ್ತಿರುವಾಗ ಆ ಬಿಳಿ ಮನೆಯ ಎದುರು ತುದಿಯನ್ನು ಬೆರಳಿನಿಂದ ಮೆಲ್ಲಗೆ ಮೇಲೆತ್ತಿ. ಸದ್ದು ನಿಂತರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಮನೆ ಪಕ್ಕದ್ದಕ್ಕೆ ಉಜ್ಜುತ್ತಿದೆ. ನಿಲ್ಲದಿದ್ದರೆ ಮುಚ್ಚಳದ ಅಡಿಯಲ್ಲಿ ಕಸ ಇರಬಹುದು. ಯಾವುದಕ್ಕೂ ಮೊದಲು ಎದುರಿನ ಗುಂಡಿಗಳಲ್ಲಿ, ಒಂದೇ ಸ್ವರ ಎಡೆಬಿಡದೆ ನುಡಿಸುವ ಶ್ರುತಿಯ ಗುಂಡಿ ಅರ್ಧ ಎಳೆದು ಉಳಿದಿಲ್ಲ ತಾನೇ, ನೋಡಿ. ಎಣ್ಣೆ ಮಾತ್ರ ಎಲ್ಲಿಯೂ ಬಿಡಬೇಡಿ. ಉಜ್ಜುವ ಮನೆಯ ಬದಿಗೆ ಪೆನ್ಸಿಲಿನ ಸೀಸ ತಿಕ್ಕಿದರೆ ಸಾಕು. ಬಿಸಿಲಿಗೂ ಇಡಬೇಡಿ, ಅಂಟು ಬಿಡುತ್ತದೆ.

ಗಮಕದ ವಿಷಯಕ್ಕೆ ನಿಮ್ಮ ಬೆರಳನ್ನು ಬೈದು ಫಲವಿಲ್ಲ. ಗಾಳಿಗೆ ನಡುಗಿ ಸದ್ದು ಮಾಡುವ ಹಿತ್ತಾಳೆ ರೀಡಿನ ನಾಲಿಗೆಗೆ ಇರುವುದು ಒಂದೇ ಸ್ವರ. ಎರಡು ಮನೆಗಳ ನಡುವೆ ಜಾರಲು ಅಲ್ಲಿ ಏನೂ ಇಲ್ಲ. ಪಿಟೀಲಿನಲ್ಲಿ, ವೀಣೆಯಲ್ಲಿ ತಂತಿ ಎಳೆಯಬಹುದು, ಇಲ್ಲಿ ಆಗದು. ಈ ಆಕ್ಷೇಪಕ್ಕೇ ಆಕಾಶವಾಣಿ 1940ರಿಂದ 1971ರ ತನಕ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದು. ಇಪ್ಪತ್ತರ ಹುಡುಗನ ಬೆರಳಿಗೂ ಬಾರದ್ದು ನಿಮಗೆ ಬಂದಿಲ್ಲ, ಅಷ್ಟೇ. ಗಮಕ ಗಂಟಲಿಗೆ ಬಿಡಿ, ಪೆಟ್ಟಿಗೆಯಲ್ಲಿ ಬೋಳು ಸ್ವರ ನುಡಿಸಿ.

ಕಂಗಿನಡಿ

ಮಾಷ್ಟ್ರೇ, ಪರೀಕ್ಷೆ ಮಾಡಿದೆ. ತಿದಿಗೆ ಬಿಗಿಯೇ ಬರಲಿಲ್ಲ! ಕೈ ಹಿಡಿದು ನೋಡಿದರೆ ಕೆಳಗಿನ ಮೂಲೆಯ ಮಡಿಕೆಯಲ್ಲಿ ತಣ್ಣಗೆ ತಾಗಿತು. ಜಿರಳೆ ತಿಂದ ತೂತು, ಕಡಲೆಬೇಳೆಯಷ್ಟು. ಬಿಳಿ ಆರನ್ನು ಎತ್ತಿದೊಡನೆ ಸದ್ದೂ ನಿಂತಿತು. ಮೇಲಿನ ಹಲಗೆ ಬಿಚ್ಚಿಸಿದೆ. ಮಗನೇ ಬಿಚ್ಚಿದ, ಗೊಣಗುತ್ತಾ. ಒಳಗೆ ಹಲ್ಲಿ ಮೊಟ್ಟೆಯ ಸಿಪ್ಪೆ, ಒಂದು ಹೇರ್‌ಪಿನ್ನು, ಬೆರಳೆಣಿಕೆಯ ಅಕ್ಕಿಕಾಳು. ಬಿಳಿ ಆರರ ಸ್ಪ್ರಿಂಗ್ ತುಕ್ಕು ಹಿಡಿದು ಕೆಂಪಾಗಿದೆ, ಉಳಿದವುಗಳಷ್ಟು ಒತ್ತುವುದಿಲ್ಲ. ಈಗ ಏನು ಮಾಡಲಿ?

ಮಂಜೇಶ್ವರ ಮಾಷ್ಟ್ರು

ಕಡಲೆಬೇಳೆಯಷ್ಟು ತೂತಿದ್ದ ತಿದಿ ಒತ್ತಿ ಹಾಡು ಮುಗಿಸಿದ್ದೀರಲ್ಲ, ನಿಮ್ಮ ಭುಜಕ್ಕೆ ಏನೂ ಆಗಿಲ್ಲ ಬಿಡಿ.

ಹಳೆ ಪರ್ಸಿನ ಒಳಗಿನ ತೆಳು ಚರ್ಮ ಕತ್ತರಿಸಿ, ಫೆವಿಕಾಲ್ ತೆಳ್ಳಗೆ ಹಚ್ಚಿ ಅಂಟಿಸಿ. ದಪ್ಪ ಚರ್ಮ ಹಾಕಿದರೆ ಮಡಿಕೆ ಮುಚ್ಚುವುದಿಲ್ಲ. ಪೂರ್ತಿ ಒಣಗುವ ತನಕ ತಿದಿ ಬಿಚ್ಚಿಯೇ ಇರಲಿ. ಸ್ಪ್ರಿಂಗ್ ಅನ್ನು ಬಗ್ಗಿಸಿ ಬಿಗಿ ಮಾಡಬಹುದು, ಆದರೆ ತುಕ್ಕಿನದ್ದು ಮುರಿಯುತ್ತದೆ. ರಿಪೇರಿಯವರಲ್ಲಿ ಹೊಸದು ಹಾಕಿಸಿ. ರೀಡಿನ ತಂಟೆಗೆ ಮಾತ್ರ ಹೋಗಬೇಡಿ, ನಾಲಿಗೆ ಸ್ವಲ್ಪ ಬಾಗಿದರೂ ಶ್ರುತಿ ಹೋಯಿತು. ಆಮೇಲೆ ಪೆಟ್ಟಿಗೆಯನ್ನು ಉಪ್ಪರಿಗೆಯಲ್ಲಿಡಬೇಡಿ. ಬಾಗಿಲಿರುವ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಜಿರಳೆಗೆ ನುಸಿಗುಳಿಗೆ.

ಪೇಟಿ ಅಕ್ಕಲಕೋಟ

ಅಕ್ಕಾರ, ನಮಸ್ಕಾರ್ರೀ. ನಮ್ಮ ಕಡೆ ಮಳೆ ಕಡಿಮೆ, ಧೂಳು ಜಾಸ್ತಿ. ಹಂಗಾಗಿ ನಮ್ಮ ಪೇಟಿ ರೀಡಿನಾಗೆ ಕೆಡ್ತಾವು, ನಿಮ್ಮವು ತಿದಿಯಾಗೆ. ನಾನು ಹೆಬ್ಬೆರಳಿನ ಬಗ್ಗೆ ಹೇಳತೀನಿ, ಅದನ್ನ ಯಾರೂ ಮುಟ್ಟಲಿಲ್ಲ.

ನೀವು ನೆಲದ ಮೇಲೆ ಕೂತು, ಪೇಟಿಯನ್ನೂ ನೆಲದ ಮೇಲೇ ಇಟ್ಟು ನುಡಿಸುತ್ತೀರಿ ಅಲ್ವಾ? ಮೊಣಕೈ ಮೇಲೆ, ಮಣಿಕಟ್ಟು ಕೆಳಗೆ ಬಾಗಿದರೆ ಹೆಬ್ಬೆರಳಿನ ಬುಡ ನೋಯುತ್ತದೆ. ಪೇಟಿಯನ್ನು ಮಣೆಯ ಮೇಲಿಡಿ, ಮೊಣಕೈ ಮತ್ತು ಮನೆಗಳು ಒಂದೇ ಮಟ್ಟಕ್ಕೆ ಬರಲಿ. ಮಂಡಿ ನೋವಿದ್ದರೆ ಕುರ್ಚಿ ಮೇಜು ನಡೆಯುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ. ಹೆಬ್ಬೆರಳನ್ನು ಚಾಚಿ ಇಡಬೇಡಿ. ಊದಿದ್ದರೆ ಅಥವಾ ಮರಗಟ್ಟುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಇದೊಂದು ಮಾತ್ರ ವಯಸ್ಸಿನದ್ದೂ ಇರಬಹುದು ನೋಡ್ರಿ.

ಮಂದಿರದಲ್ಲಿ ಯಾವ ಶ್ರುತಿ?

ಕಂಗಿನಡಿ

ಗಂಡಸರು ಕಪ್ಪು ಒಂದನ್ನು ಸ ಮಾಡಿಕೊಂಡು ಹಾಡುತ್ತಾರೆ. ನಾನು ಕಲಿತದ್ದು ಬಿಳಿ ಒಂದರಲ್ಲಿ. ಅಲ್ಲಿ ಕೂತರೆ ಬೆರಳಿಗೆ ದಿಕ್ಕೇ ತೋಚುವುದಿಲ್ಲ. ಎಲ್ಲ ಮನೆಗಳೂ ಬದಲಾಗುತ್ತವೆ.

ಪೇಟಿ ಅಕ್ಕಲಕೋಟ

ಮಾಯಾಮಾಳವಗೌಳ ರಾಗದಿಂದ ಶುರು ಮಾಡಬೇಡಿ. ಮೋಹನ ರಾಗದಿಂದ ಮಾಡಿ, ಐದೇ ಸ್ವರ. ಮೊದಲು ನಿಮ್ಮ ಮನೆಯಲ್ಲಿ ಅಭ್ಯಾಸಕ್ಕೆ ಕಪ್ಪು ಮೂರನ್ನು ಷಡ್ಜ (ಸ) ಮಾಡಿಕೊಳ್ಳಿ. ಸ ರಿ ಗ ಪ ದ ಐದೂ ಕಪ್ಪು ಮನೆಗಳೇ, ಬಿಳಿ ಬೇಕಾಗುವುದೇ ಇಲ್ಲ. ಕಪ್ಪಿನ ಮೇಲೆ ಬೆರಳು ಪಳಗಿದ ಮೇಲೆ ಕಪ್ಪು ಒಂದಕ್ಕೆ ಬನ್ನಿ: ಕಪ್ಪು ಒಂದು, ಕಪ್ಪು ಎರಡು, ಬಿಳಿ ನಾಲ್ಕು, ಕಪ್ಪು ನಾಲ್ಕು, ಕಪ್ಪು ಐದು. ಗಾಂಧಾರ (ಗ) ಒಂದೇ ಬಿಳಿ.

ಹೊಸೂರು ಹುಡುಗ

ಇದು ನಂಗೂ ಗೊತ್ತಿರಲಿಲ್ಲ. ಸ್ಕೇಲ್ ಚೇಂಜರ್ ಮಾತು ವಾಪಸ್ ತಗೊಂಡೆ.

ಕಂಗಿನಡಿ

ತಿದಿ ಈಗ ಕೈಗೆ ಬಿಗಿ ಹತ್ತುತ್ತದೆ ಮಾಷ್ಟ್ರೇ! ಹಾಡು ಮುಗಿದರೂ ಎಡಗೈ ಇದೆ. ಹೊಸ ಸ್ಪ್ರಿಂಗ್ ಹಾಕಿಸಿದ ಮೇಲೆ ಬಿಳಿ ಆರು ಬಾಯಿ ಮುಚ್ಚಿತು. ಕಪ್ಪು ಒಂದರ ಮೋಹನದಲ್ಲಿ ಬಿಳಿ ನಾಲ್ಕಕ್ಕೆ ಯಾವ ಬೆರಳು? ಹೆಬ್ಬೆರಳು ಹಾಕಿದರೆ ನೋವು ಬರುತ್ತದೋ ಎಂದು ಹೆದರಿಕೆ.

ಪೇಟಿ ಅಕ್ಕಲಕೋಟ

ಹೆಬ್ಬೆರಳೇ ಅಕ್ಕಾರ. ಕಪ್ಪು ಒಂದು ಎರಡಕ್ಕೆ ತೋರುಬೆರಳು, ನಡುಬೆರಳು. ಗಾಂಧಾರಕ್ಕೆ ಹೆಬ್ಬೆರಳು ಅಡಿಯಿಂದ ಬರಲಿ. ಮತ್ತೆ ಪ ದ ಸ ಕ್ಕೆ ತೋರು, ನಡು, ಉಂಗುರ. ಏರುವಾಗ ಹೆಬ್ಬೆರಳಿಗೆ ಒಂದೇ ಸಲ ಕೆಲಸ, ಇಳಿಯುವಾಗ ಒಂದೇ ಸಲ. ಕಪ್ಪು ಮನೆಗೆ ಅದನ್ನು ಹತ್ತಿಸಬೇಡಿ.