ನಾಲ್ಕು ತಿಂಗಳು ನಿಂತಿದ್ದ ದೋಣಿಯ ಇಂಜಿನ್ ಸ್ಟಾರ್ಟ್ ಆಗುತ್ತಿಲ್ಲ, ದಯವಿಟ್ಟು ದಾರಿ ತೋರಿಸಿ

ಸಾಗರಕಟ್ಟೆ ದೋಣಿ

ಎಲ್ಲರಿಗೂ ನಮಸ್ಕಾರ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ, ಸಾಗರಕಟ್ಟೆ ಕಡೆ, ನಾವು ಮೀನು ಹಿಡಿಯುವವರು. ಅಪ್ಪ ಬದುಕಿನುದ್ದಕ್ಕೂ ತೆಪ್ಪದಲ್ಲೇ ಬಲೆ ಬಿಟ್ಟವರು. ಈಗ ಅರವತ್ತು ದಾಟಿದೆ, ಬಲಭುಜ ಮೇಲೇಳುವುದಿಲ್ಲ. ಅಣೆಕಟ್ಟೆ 124.80 ಅಡಿ ತುಂಬಿದಾಗ ನೀರು ನಮ್ಮ ಹೊಲದ ಬದುವಿನ ತನಕ ಬರುತ್ತದೆ. ಆಗ ಬಲೆ ಇರುವ ಜಾಗಕ್ಕೆ ಹುಟ್ಟು ಹಾಕಿಕೊಂಡು ಹೋಗಿ ಬರುವಷ್ಟರಲ್ಲಿ ಅವರು ಸುಸ್ತಾಗಿಬಿಡುತ್ತಾರೆ. ಅದನ್ನು ನೋಡಲಾಗದೆ ಕಳೆದ ವರ್ಷ ಕರಾವಳಿಯಿಂದ ಒಂದು ಫೈಬರ್ ದೋಣಿ, ದೋಣಿಯ ಹಿಂಬದಿಗೆ ಸಿಕ್ಕಿಸುವ 8 ಅಶ್ವಶಕ್ತಿಯ ಹಳೆಯ ಔಟ್‌ಬೋರ್ಡ್ ಇಂಜಿನ್ ತಂದೆ. ಎರಡು ಸಿಲಿಂಡರ್, ಟು ಸ್ಟ್ರೋಕ್, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು.

ಮಳೆಗಾಲದಲ್ಲಿ ನಾಲ್ಕು ತಿಂಗಳು ಕೊಟ್ಟಿಗೆಯಲ್ಲಿ ಎತ್ತಿಟ್ಟಿದ್ದೆವು. ಮೊನ್ನೆ ನೀರಿಗಿಳಿಸಿದರೆ ಸ್ಟಾರ್ಟ್ ಆಗುತ್ತಲೇ ಇಲ್ಲ. ನಲವತ್ತು ಸಲವಾದರೂ ಹಗ್ಗ ಎಳೆದಿದ್ದೇನೆ, ಅಂಗೈ ಬೊಬ್ಬೆ ಬಂದಿದೆ. ಒಂದೆರಡು ಸಲ ಕೆಮ್ಮಿದಂತೆ ಮಾಡಿ ಸುಮ್ಮನಾಯಿತು. ಪ್ಲಗ್ ಎರಡನ್ನೂ ಹೊಸದು ಹಾಕಿದ್ದೇನೆ. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲ್ ಇದೆ. ಸಾಲ ಮಾಡಿ ತಂದ ಇಂಜಿನ್ ಇದು. ಇವತ್ತು ಬೆಳಿಗ್ಗೆ ಅಪ್ಪ ಒಂದು ಮಾತನ್ನೂ ಆಡದೆ ತೆಪ್ಪ ಹೊತ್ತುಕೊಂಡು ಹೋದರು. ಬಲ್ಲವರು ತಿಳಿಸಿ.

ಪಂಪ್‌ಸೆಟ್ ಮಂಡ್ಯ

ತಮ್ಮಾ, ನಾನು ಬಾವಿ, ಕಾಲುವೆ ಪಂಪ್‌ಸೆಟ್ ರಿಪೇರಿ ಮಾಡುವವನು. ದೋಣಿ ಇಂಜಿನ್ ಮುಟ್ಟಿದವನಲ್ಲ. ಆದರೆ ಟು ಸ್ಟ್ರೋಕ್ ಎಲ್ಲಿದ್ದರೂ ಟು ಸ್ಟ್ರೋಕೇ. ಪ್ಲಗ್ ಬಿಚ್ಚಿ ಅದರ ತೂತಿಗೆ ಸ್ವಲ್ಪ ಪೆಟ್ರೋಲ್ ಬಿಟ್ಟು, ಮತ್ತೆ ಹಾಕಿ ಎಳೆದು ನೋಡು. ಸ್ಪ್ರೇಯರ್‌ಗಳನ್ನು ನಾನು ಹಾಗೆಯೇ ಎಬ್ಬಿಸುತ್ತೇನೆ.

ಪಶ್ಚಿಮವಾಹಿನಿ

ನಾನು ಮಲ್ಪೆಯಲ್ಲಿ ಎಂಟು ವರ್ಷ ಬೋಟಿನ ಇಂಜಿನ್ ಕೆಲಸ ಮಾಡಿ, ಈಗ ಊರಿಗೆ ಮರಳಿ ಶ್ರೀರಂಗಪಟ್ಟಣದಲ್ಲಿದ್ದೇನೆ. ಮೊದಲ ಮಾತು: ಹಗ್ಗ ಎಳೆಯುವುದನ್ನು ನಿಲ್ಲಿಸಿ. ಎಳೆದಷ್ಟೂ ಒಳಗೆ ಪೆಟ್ರೋಲ್ ತುಂಬಿಕೊಳ್ಳುತ್ತದೆ, ನಿಮ್ಮ ಭುಜವೂ ಅಪ್ಪನವರ ಭುಜದಂತಾಗುತ್ತದೆ.

ಪಂಪ್‌ಸೆಟ್ ಅಣ್ಣ ಹೇಳಿದ್ದು ಒಳ್ಳೆಯ ಪರೀಕ್ಷೆಯೇ. ಆದರೆ ಬರೀ ಪೆಟ್ರೋಲ್ ಬಿಡಬೇಡಿ. ಟು ಸ್ಟ್ರೋಕಿನಲ್ಲಿ ಪಿಸ್ಟನ್ನಿಗೂ ಬೇರಿಂಗಿಗೂ ಜಿಡ್ಡು ಸಿಗುವುದು ಪೆಟ್ರೋಲಿನ ಜೊತೆ ಬೆರೆತ ಆಯಿಲ್‌ನಿಂದಲೇ. ಹೊಸದಾಗಿ ಬೆರೆಸಿದ್ದನ್ನು ಕಾಲು ಚಮಚ ಬಿಟ್ಟರೆ ಸಾಕು.

ಅದಕ್ಕೂ ಮೊದಲು ಇಷ್ಟು ನೋಡಿ. ಓಡಿಸುವವನು ನೀರಿಗೆ ಬಿದ್ದರೆ ಇಂಜಿನ್ ನಿಲ್ಲಿಸಲೆಂದು ಇರುವ ಕೆಂಪು ಸುರುಳಿ ದಾರದ ಕ್ಲಿಪ್ ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆಯೇ? ಅದು ಕಳಚಿದ್ದರೆ ಕಿಡಿಯೇ ಬರುವುದಿಲ್ಲ. ಇದೊಂದಕ್ಕಾಗಿ ಇಡೀ ಇಂಜಿನ್ ಬಿಚ್ಚಿದವರನ್ನು ಕಂಡಿದ್ದೇನೆ. ಪೈಪಿನ ನಡುವಿನ ರಬ್ಬರ್ ಉಂಡೆಯನ್ನು ಹಿಂಡಿದಾಗ ಅದು ಗಟ್ಟಿಯಾಗುತ್ತದೆಯೇ? ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯೇ? ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಹೊರಗೆ ಬರುವುದಿಲ್ಲ.

ಇಷ್ಟೂ ಸರಿಯಿದ್ದರೆ ಪ್ಲಗ್ ಬಿಚ್ಚಿ ಅದರ ತುದಿ ನೋಡಿ. ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ತಲುಪುತ್ತಿದೆ, ಉರಿಯುತ್ತಿಲ್ಲ. ಒದ್ದೆಯಿದ್ದರೆ ಪ್ಲಗ್ಗನ್ನು ಒರೆಸಿ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಇಂಜಿನ್ನಿನ ಮೈಗೆ ತಾಗುವಂತೆ ಇಕ್ಕಳದಲ್ಲಿ ಹಿಡಿದು ಒಮ್ಮೆ ಹಗ್ಗ ಎಳೆಸಿ. ಪ್ಲಗ್ ಬಿಚ್ಚಿದ ತೂತಿನಿಂದ ದೂರ ಹಿಡಿಯಿರಿ, ಅಲ್ಲಿ ಪೆಟ್ರೋಲಿನ ಆವಿ ಇರುತ್ತದೆ. ನೀಲಿ ಕಿಡಿ ಬಂತೇ ಇಲ್ಲವೇ ಬರೆಯಿರಿ.

ಇನ್ನೊಂದು ಮಾತು. ಕರಾವಳಿಯ ನಾಡದೋಣಿಗಳಲ್ಲಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಇಂಜಿನ್‌ಗಳೂ ಇವೆ. ನಿಮ್ಮದು ಅದೋ, ಬರೀ ಪೆಟ್ರೋಲಿನದೋ?

ಸಾಗರಕಟ್ಟೆ ದೋಣಿ

ಅಣ್ಣಾ, ಇದು ಪೆಟ್ರೋಲಿನದೇ. ಕ್ಲಿಪ್ ಸರಿಯಿದೆ, ಉಂಡೆ ಗಟ್ಟಿಯಾಗುತ್ತದೆ. ಗಾಳಿ ಸ್ಕ್ರೂ ತೆರೆದೇ ಇದೆ. ನಿಜ ಹೇಳಬೇಕೆಂದರೆ ನಾಲ್ಕು ತಿಂಗಳೂ ತೆರೆದೇ ಇತ್ತು. ಪ್ಲಗ್ ಎರಡೂ ಒದ್ದೆ. ಕಿಡಿ ನೀಲಿಯಾಗಿ ಚೆನ್ನಾಗಿ ಬರುತ್ತಿದೆ. ಕಾಲು ಚಮಚ ಹೊಸ ಮಿಶ್ರಣ ಬಿಟ್ಟಾಗ ಎರಡು ಕ್ಷಣ ಓಡಿ ನಿಂತುಹೋಯಿತು. ಆ ಎರಡು ಕ್ಷಣದ ಸದ್ದು ಕೇಳಿ ಅಪ್ಪ ದಡಕ್ಕೆ ಓಡಿ ಬಂದರು.

ಪಶ್ಚಿಮವಾಹಿನಿ

ಹಾಗಾದರೆ ಇಂಜಿನ್ ಚೆನ್ನಾಗಿದೆ, ಕೆಟ್ಟಿರುವುದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾವರೆಗೆ ಎಥೆನಾಲ್ ಇರುತ್ತದೆ. ನಮ್ಮ ಮಂಡ್ಯದ ಕಬ್ಬಿನಂಥದರಿಂದಲೇ ಬರುವ ಪದಾರ್ಥ, ಅದರ ಮೇಲೆ ನನಗೆ ಸಿಟ್ಟಿಲ್ಲ. ದಿನವೂ ಓಡುವ ಬೈಕಿಗೆ ತೊಂದರೆಯಾಗುವಷ್ಟು ಹೊತ್ತು ಅದು ಟ್ಯಾಂಕಿನಲ್ಲಿ ನಿಲ್ಲುವುದೇ ಇಲ್ಲ. ಆದರೆ ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದ ತೇವ ನಾಲ್ಕು ತಿಂಗಳು ಆ ಸ್ಕ್ರೂವಿನ ಮೂಲಕ ಒಳಗೆ ಹೋಗಿದೆ. ನೀರು ಮಿತಿ ಮೀರಿದರೆ ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಪೈಪು ಹೀರುವುದು ತಳದಿಂದ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಆದ್ದರಿಂದ ಅದು ಸ್ಟಾರ್ಟ್ ಆಗದಿದ್ದದ್ದೇ ನಿಮ್ಮ ಪುಣ್ಯ. ಜಿಡ್ಡಿಲ್ಲದೆ ಓಡಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು.

ನಂಬಿಕೆ ಬರಬೇಕಾದರೆ ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಅಲುಗಾಡಿಸದೆ ಇಡಿ. ಎರಡು ಪದರ ಕಂಡರೆ ಟ್ಯಾಂಕನ್ನೂ ಪೈಪನ್ನೂ ಪೂರ್ತಿ ಖಾಲಿ ಮಾಡಿ. ಆ ಪೆಟ್ರೋಲನ್ನು ಹಿನ್ನೀರಿಗೆ ಸುರಿಯಬೇಡಿ, ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿ ಒರೆಸಿ, ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು, ಹೊರತೆಗೆದು ಬೆಳಕಿಗೆ ಹಿಡಿಯಿರಿ. ತೂತು ಕಟ್ಟಿದ್ದರೆ ತಂತಿ ಹಾಕಬೇಡಿ, ಹಿತ್ತಾಳೆ ಸವೆದು ತೂತು ದೊಡ್ಡದಾಗುತ್ತದೆ. ನಿಮ್ಮ ಬಲೆಯ ಸಣ್ಣ ನೈಲಾನ್ ಎಳೆ ಸಾಕು. ಹೊಸ ಪೆಟ್ರೋಲ್ 5 ಲೀಟರಿಗೆ 100 ಮಿಲಿ ಟು ಸ್ಟ್ರೋಕ್ ಆಯಿಲ್, ಅಂದರೆ 50ಕ್ಕೆ 1.

ಸಾಗರಕಟ್ಟೆ ದೋಣಿ

ಅಣ್ಣಾ, ಬಾಟಲಿಯಲ್ಲಿ ಮೇಲೆ ಆಯಿಲ್‌ನ ನೀಲಿ, ಕೆಳಗೆ ಎರಡು ಬೆರಳು ಬಣ್ಣವಿಲ್ಲದ ಮಬ್ಬು ನೀರು! ಎಲ್ಲ ತೊಳೆದೆವು. ಜೆಟ್ಟಿನ ತೂತು ಅರ್ಧ ಮುಚ್ಚಿತ್ತು. ಅಪ್ಪನೇ ಬಲೆಯಿಂದ ಎಳೆ ಕಿತ್ತುಕೊಟ್ಟು, ತಾವೇ ಬೆಳಕಿಗೆ ಹಿಡಿದು ನೋಡಿದರು. ಚೋಕ್ ಎಳೆದು ಮೂರನೆಯ ಎಳೆತಕ್ಕೆ ಸ್ಟಾರ್ಟ್ ಆಯಿತು. ನಿಮ್ಮ ಉಪಕಾರ ಮರೆಯುವುದಿಲ್ಲ.

ಪಶ್ಚಿಮವಾಹಿನಿ

ತುಂಬಾ ಸಂತೋಷ. ಇಂಜಿನ್ನಿನ ಹಿಂಬದಿಯ ಸಣ್ಣ ರಂಧ್ರದಿಂದ, ಇಂಜಿನ್ ತಣ್ಣಗಿಡಲು ಒಳಗೆ ಹರಿಯುವ ನೀರು ಚಿಮ್ಮುತ್ತಿದೆಯೇ? ಸಮುದ್ರದಲ್ಲಿ ಓಡಿದ ಇಂಜಿನ್ನಿನ ಒಳದಾರಿಯಲ್ಲಿ ಉಪ್ಪು ಕಟ್ಟಿರಬಹುದು. ಚಿಮ್ಮದಿದ್ದರೆ ತಕ್ಷಣ ನಿಲ್ಲಿಸಿ. ಮತ್ತೆ, ಎಷ್ಟೇ ಚೆನ್ನಾಗಿ ಓಡಿದರೂ ಒಂದು ಜೊತೆ ಹುಟ್ಟು ದೋಣಿಯಲ್ಲಿರಲಿ.

ಸಾಗರಕಟ್ಟೆ ದೋಣಿ

ಚಿಮ್ಮುತ್ತಿದೆ ಅಣ್ಣಾ, ಕೈಯೊಡ್ಡಿ ನೋಡಿದೆ, ಬೆಚ್ಚಗಿದೆ. ಹುಟ್ಟನ್ನು ನಾನು ಹೇಳುವ ಮೊದಲೇ ಅಪ್ಪ ತಂದು ಇಟ್ಟಿದ್ದಾರೆ. ಸಂಜೆ ಬಲೆ ಬಿಡಲು ಹೊರಟಿದ್ದೇವೆ.