ಸಿಲಿಕೋನ್ ಹೈಡ್ರೋಜೆಲ್ ಲೆನ್ಸ್ ಧರಿಸಿ ಮಲಗಿದರೆ ಸೋಂಕಿನ ಅಪಾಯ ಇರುವುದಿಲ್ಲವೇ?

ಪ್ರಶ್ನೆ:
ನನ್ನ ತಂಗಿ ತಿಂಗಳಿಗೊಮ್ಮೆ ಬದಲಿಸುವ ಸಿಲಿಕೋನ್ ಹೈಡ್ರೋಜೆಲ್ ಕಾಂಟ್ಯಾಕ್ಟ್ ಲೆನ್ಸ್ ಬಳಸುತ್ತಾಳೆ. ಇವು ಆಮ್ಲಜನಕವನ್ನು ಚೆನ್ನಾಗಿ ಹಾಯಗೊಡುತ್ತವೆ ಎಂಬ ನಂಬಿಕೆಯಿಂದ ಆಗಾಗ ಅವನ್ನು ತೆಗೆಯದೆಯೇ ಮಲಗುತ್ತಾಳೆ. ಲೆನ್ಸ್ ಕೇಸನ್ನು ನಲ್ಲಿಯ ನೀರಿನಲ್ಲೇ ತೊಳೆಯುತ್ತಾಳೆ. ಈವರೆಗೆ ಏನೂ ಆಗಿಲ್ಲವೆಂಬುದು ಅವಳ ವಾದ. ಯಾವ ಅಭ್ಯಾಸವನ್ನು ಮೊದಲು ಬಿಡಿಸಬೇಕು?

ಉತ್ತರ 1:
ಮೊದಲು ಮಲಗುವ ಅಭ್ಯಾಸವನ್ನು ಬಿಡಿಸಿ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲದ ಕಾರಣ ಅದು ಆಮ್ಲಜನಕವನ್ನು ಬಹುಪಾಲು ಗಾಳಿಯಿಂದಲೇ ಪಡೆಯುತ್ತದೆ. ರೆಪ್ಪೆ ಮುಚ್ಚಿದಾಗ ಆ ಪೂರೈಕೆ ತಗ್ಗುವುದರ ಜೊತೆಗೆ, ಕಣ್ಣು ಮಿಟುಕಿಸುವಾಗ ಆಗುವ ಕಣ್ಣೀರಿನ ಹರಿದಾಟವೂ ನಿಂತು, ಲೆನ್ಸಿನ ಅಡಿಯಲ್ಲಿ ಸೇರಿದ ಸೂಕ್ಷ್ಮಜೀವಿಗಳು ಅಲ್ಲಿಯೇ ಉಳಿದುಬಿಡುತ್ತವೆ. ಸಿಲಿಕೋನ್ ಹೈಡ್ರೋಜೆಲ್ ಎಂಬ ಹೊಸ ವಸ್ತು ಆಮ್ಲಜನಕದ ಕೊರತೆಯನ್ನು ಕಡಿಮೆ ಮಾಡಿತೇ ಹೊರತು ಸೋಂಕನ್ನು ತಗ್ಗಿಸಲಿಲ್ಲ. 2008ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರ ಪ್ರಕಾರ, ಮೃದು ಲೆನ್ಸನ್ನು ಹಗಲಿನಲ್ಲಿ ಮಾತ್ರ ಧರಿಸುವ 10,000 ಜನರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಕಾರ್ನಿಯಾದ ಸೋಂಕು ತಗಲಿದರೆ, ಸಿಲಿಕೋನ್ ಹೈಡ್ರೋಜೆಲ್ ಧರಿಸಿ ಮಲಗುವವರಲ್ಲಿ ಆ ಸಂಖ್ಯೆ ಸುಮಾರು 25. ಈವರೆಗೆ ಏನೂ ಆಗಿಲ್ಲ ಎಂಬ ವಾದಕ್ಕೆ ಈ ಅಂಕಿಗಳೇ ಉತ್ತರ: ಸೋಂಕು ಅಪರೂಪವೇ ಸರಿ, ಆದರೆ ತಗಲಿದಾಗ ಕಾರ್ನಿಯಾದ ಮೇಲೆ ಉಳಿಯುವ ಕಲೆ ದೃಷ್ಟಿಯನ್ನು ಶಾಶ್ವತವಾಗಿ ಕುಂದಿಸಬಲ್ಲದು.

ಉತ್ತರ 2:
ನೀರಿನ ವಿಷಯವನ್ನೂ ಮುಂದೂಡಬೇಡಿ. ಅಕಾಂತಮೀಬಾ ಎಂಬ ಏಕಕೋಶ ಜೀವಿ ನಲ್ಲಿಯ ನೀರಿನಲ್ಲೂ ಈಜುಕೊಳದಲ್ಲೂ ಇರಬಲ್ಲದು. ಗಟ್ಟಿ ಕವಚದೊಳಗೆ ಸೇರಿಕೊಂಡ ಸ್ಥಿತಿಯಲ್ಲಿ ಅದು ಕ್ಲೋರಿನ್ನಿಗೂ ಜಗ್ಗುವುದಿಲ್ಲ. ಇದರ ಸೋಂಕು ಅಪರೂಪವಾದರೂ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ. ಆದ್ದರಿಂದ ಕೇಸಿನಲ್ಲಿರುವ ಹಳೆಯ ಸೊಲ್ಯೂಷನ್ (ಲೆನ್ಸನ್ನು ಸೋಂಕುಮುಕ್ತಗೊಳಿಸುವ ದ್ರಾವಣ) ಅನ್ನು ಪ್ರತಿದಿನ ಪೂರ್ತಿ ಚೆಲ್ಲಿ, ಹೊಸ ಸೊಲ್ಯೂಷನ್‌ನಿಂದಲೇ ಕೇಸನ್ನು ತೊಳೆದು, ಬೋರಲು ಹಾಕಿ ಒಣಗಿಸಬೇಕು. ಮೂರು ತಿಂಗಳಿಗೊಮ್ಮೆಯಾದರೂ ಅದನ್ನು ಬದಲಿಸಬೇಕು. ಉಳಿದ ಸೊಲ್ಯೂಷನ್‌ಗೆ ಹೊಸದನ್ನು ಬೆರೆಸಿದರೆ ಅದರ ಸೋಂಕುನಿವಾರಕ ಶಕ್ತಿ ಕುಗ್ಗುತ್ತದೆ. ಬರಿಯ ಸಲೈನ್‌ಗಂತೂ (ಉಪ್ಪಿನ ದ್ರಾವಣಕ್ಕೆ) ಸೂಕ್ಷ್ಮಜೀವಿಗಳನ್ನು ಕೊಲ್ಲುವ ಗುಣವೇ ಇಲ್ಲ. ಧೂಮಪಾನವೂ ಅಪಾಯವನ್ನು ಹೆಚ್ಚಿಸುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಒಂದೇ ದಿನ ಬಳಸಿ ಎಸೆಯುವ ಲೆನ್ಸ್‌ಗೆ ಬದಲಾಯಿಸಿದರೆ ಸಾಕಾಗುವುದೇ?

ಉತ್ತರ 1:
ಕೇಸಿನ ಸಮಸ್ಯೆಯಂತೂ ತಪ್ಪುತ್ತದೆ, ಆದ್ದರಿಂದ ಅದು ಒಳ್ಳೆಯ ಆಯ್ಕೆ. ಆದರೆ ಅವನ್ನು ಮರುದಿನಕ್ಕೆ ಎತ್ತಿಟ್ಟು ಬಳಸಿದರೆ, ಧರಿಸಿ ಮಲಗಿದರೆ ಅಥವಾ ಕೈಯನ್ನು ತೊಳೆದು ಒರೆಸಿಕೊಳ್ಳದೆ ಮುಟ್ಟಿದರೆ ಆ ಲಾಭ ಉಳಿಯುವುದಿಲ್ಲ.

ಉತ್ತರ 3:
ನೋವು, ಕೆಂಪು, ಬೆಳಕನ್ನು ಸಹಿಸಲಾಗದಿರುವುದು, ಮಸುಕು ದೃಷ್ಟಿ, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಲೆನ್ಸ್ ತೆಗೆದು ಅಂದೇ ನೇತ್ರತಜ್ಞರನ್ನು ಕಾಣಲು ತಂಗಿಗೆ ತಿಳಿಸಿ. ಮನೆಯಲ್ಲಿರುವ ಸ್ಟೆರಾಯ್ಡ್ ಹನಿಯನ್ನು ತಾವಾಗಿಯೇ ಹಾಕಿಕೊಂಡರೆ ಸೋಂಕು ಉಲ್ಬಣಿಸಬಹುದು. ತೆಗೆದ ಲೆನ್ಸನ್ನೂ ಕೇಸನ್ನೂ ಎಸೆಯದೆ ಜೊತೆಗೆ ಒಯ್ಯಬೇಕು; ರೋಗಕಾರಕ ಯಾವುದೆಂದು ಪ್ರಯೋಗಾಲಯದಲ್ಲಿ ಗುರುತಿಸಲು ಅವು ನೆರವಾಗಬಹುದು.