ಗೊತ್ತೇ ಆಗದೆ ಎಕ್ಸ್ ಪಾರ್ಟಿ ಡಿಕ್ರಿ (ನಾವು ಹಾಜರಿಲ್ಲದಾಗ ಕೋರ್ಟ್ ಕೊಟ್ಟ ತೀರ್ಪು) ಆಗಿದೆ, ರದ್ದು ಮಾಡಿಸಬಹುದಾ?

ಪ್ರಶ್ನೆ:
ಮೇಡಂ, ನಮಸ್ಕಾರ. ಪರಿಚಯದವರೊಬ್ಬರ ಹತ್ತಿರ ಕೈಸಾಲ ಮಾಡಿದ್ದೆ. ಅರ್ಧಕ್ಕಿಂತ ಜಾಸ್ತಿ ಬ್ಯಾಂಕ್ ಮೂಲಕ ತೀರಿಸಿದ್ದೇನೆ. ಆಮೇಲೆ ಲೆಕ್ಕದಲ್ಲಿ ಜಗಳವಾಯಿತು, ಅಷ್ಟರಲ್ಲಿ ನಾನು ಮನೆಯನ್ನೂ ಬದಲಾಯಿಸಿದೆ. 12 ದಿನದ ಹಿಂದೆ ಅಮಲ್ಜಾರಿ ನೋಟಿಸ್ (ಡಿಕ್ರಿ ಹಣ ವಸೂಲಿಗೆ ಕೋರ್ಟ್ ಕಳಿಸುವ ನೋಟಿಸ್) ಬಂತು. ಪೂರ್ತಿ ಹಣಕ್ಕೆ ಡಿಕ್ರಿ ಆಗಿ ಏಳು ತಿಂಗಳಾಗಿದೆಯಂತೆ! ಸಮನ್ಸ್ ಹಳೆ ಮನೆಯಿಂದ ವಾಪಸ್ ಹೋಗಿ, ಕೊನೆಗೆ ಪೇಪರಿನಲ್ಲಿ ಹಾಕಿಸಿದ್ದಾರೆ. ಅವಧಿ ಮುಗಿದಿದೆ, ಇನ್ನೇನೂ ಆಗಲ್ಲ ಅಂತ ಒಬ್ಬರು ಹೇಳಿದರು. ನಿಜವಾ?

ವಕೀಲರ ಉತ್ತರ:
ನಿಜವಲ್ಲ. ಆದರೆ ಕೂತಿರಲು ಸಮಯವೂ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9 ನಿಯಮ 13ರಡಿ, ಡಿಕ್ರಿ ಕೊಟ್ಟ ಕೋರ್ಟಿಗೇ ಅರ್ಜಿ ಹಾಕಬೇಕು. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲ ಅನ್ನುವುದು ಒಂದು ಕಾರಣ. ಹಾಜರಾಗದಿರಲು ತಕ್ಕ ಕಾರಣವಿತ್ತು ಅನ್ನುವುದು ಇನ್ನೊಂದು.

ಅವಧಿ 30 ದಿನ. ಸಾಮಾನ್ಯವಾಗಿ ಡಿಕ್ರಿ ದಿನದಿಂದ ಲೆಕ್ಕ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿ ವಿಷಯ ನಿಮಗೆ ಗೊತ್ತಾದ ದಿನದಿಂದ. 1963ರ ಕಾಲಮಿತಿ ಕಾಯ್ದೆಯ 123ನೇ ಅನುಚ್ಛೇದ ಇನ್ನೂ ಒಂದು ಮಾತು ಹೇಳುತ್ತದೆ: ಪೇಪರ್ ಪ್ರಕಟಣೆಯಂಥ ಬದಲಿ ಜಾರಿಯನ್ನು ಈ ಲೆಕ್ಕಕ್ಕೆ ಸರಿಯಾದ ಜಾರಿ ಎಂದು ಹಿಡಿಯುವಂತಿಲ್ಲ. ಹಾಗಾಗಿ ನಿಮಗೆ ಇನ್ನೂ 18 ದಿನ ಇದೆ. ದಾಟಿದರೂ ಅದೇ ಕಾಯ್ದೆಯ 5ನೇ ಕಲಂ ಅಡಿ ವಿಳಂಬ ಮನ್ನಿಸಿ ಅಂತ ಕೇಳಬಹುದು, ಆಗ ದಿನದಿನಕ್ಕೂ ಉತ್ತರ ಹೇಳುತ್ತಾ ಕೂರಬೇಕು. ಯಾಕೆ ಬೇಕು?

ಮೊದಲು ಆರ್ಡರ್ ಶೀಟ್ (ಕೇಸಿನ ದಿನದಿನದ ನಡಾವಳಿ), ಸಮನ್ಸ್ ತಲುಪಿಸಲು ಹೋದ ಅಮೀನರ ವರದಿ, ಪ್ರಕಟಣೆ, ಡಿಕ್ರಿ ಇವುಗಳ ದೃಢೀಕೃತ ನಕಲು ತೆಗೆಸಿ. ಬಾಗಿಲು ಹಾಕಿತ್ತು ಅಂತ ಬರೆದಿದ್ದಾರೋ, ತೆಗೆದುಕೊಳ್ಳಲು ನಿರಾಕರಿಸಿದರು ಅಂತ ಬರೆದಿದ್ದಾರೋ ನೋಡಬೇಕು. ಎರಡಕ್ಕೂ ಅಜಗಜಾಂತರ. ಮನೆ ಬದಲಾಯಿಸಿದ್ದಕ್ಕೆ ಬಾಡಿಗೆ ಕರಾರು, ಕರೆಂಟ್ ಬಿಲ್ ಹುಡುಕಿಡಿ. ಎಷ್ಟೋ ಜನ ಅಫಿಡವಿಟ್‌ನಲ್ಲಿ ಸಾಲದ ಕಥೆಯನ್ನೇ ಪುಟಗಟ್ಟಲೆ ಬರೆಸುತ್ತಾರೆ. ಈ ಹಂತದಲ್ಲಿ ಕೋರ್ಟ್ ಮುಖ್ಯವಾಗಿ ಕೇಳುವುದು, ನೀವು ಯಾಕೆ ಬರಲಿಲ್ಲ ಅಂತ. ಹಣ ತೀರಿಸಿದ ದಾಖಲೆ ಬೇಕೇ ಬೇಕು, ಆದರೆ ಅದರ ಪೂರ್ತಿ ವಿಚಾರಣೆ ಡಿಕ್ರಿ ರದ್ದಾದ ಮೇಲೆ.

ಅರ್ಜಿ ಹಾಕಿದ ಮಾತ್ರಕ್ಕೆ ಜಫ್ತಿ ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಬೇರೆ ಐ.ಎ. (ಮಧ್ಯಂತರ ಅರ್ಜಿ) ಹಾಕಿಸಿ. ಒಂದಷ್ಟು ಹಣ ಠೇವಣಿ ಇಡಿ ಅಂತ ಕೋರ್ಟ್ ಹೇಳಬಹುದು, ಅದಕ್ಕೂ ತಯಾರಿರಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಮೇಡಂ. ಒಂದು ವಿಷಯ ಹೇಳಿರಲಿಲ್ಲ. ಹೋದ ವರ್ಷ ಅವರು ವಾಟ್ಸಾಪಿನಲ್ಲಿ ‘ಕೇಸ್ ಹಾಕಿದ್ದೇನೆ’ ಅಂತ ಕೇಸ್ ನಂಬರ್ ಕಳಿಸಿದ್ದರು. ಸುಮ್ನೆ ಹೆದರಿಸುತ್ತಿದ್ದಾರೆ ಅಂದುಕೊಂಡು ಬಿಟ್ಟೆ. ಈಗ ಅದನ್ನು ಡಿಲೀಟ್ ಮಾಡಲಾ?

ವಕೀಲರ ಉತ್ತರ:
ಬೇಡವೇ ಬೇಡ! ಅವರ ಫೋನಿನಲ್ಲಿ ಅದು ಇದ್ದೇ ಇರುತ್ತದೆ ಅಲ್ವಾ? ಪಾಟೀಸವಾಲಿನಲ್ಲಿ ಅದನ್ನು ತೋರಿಸಿದರೆ ನಿಮ್ಮ ಮಿಕ್ಕ ಮಾತನ್ನೂ ಯಾರೂ ನಂಬುವುದಿಲ್ಲ. ನೀವೇ ಅಫಿಡವಿಟ್‌ನಲ್ಲಿ ಹೇಳಿಬಿಡಿ. ವಿಚಾರಣೆಯ ದಿನಾಂಕ ಗೊತ್ತಿದ್ದು, ಬರಲು ಸಾಕಷ್ಟು ಸಮಯವೂ ಇದ್ದರೆ, ಸಮನ್ಸ್ ಜಾರಿಯಲ್ಲಿ ಲೋಪವಾಗಿದೆ ಅನ್ನುವುದೊಂದರಿಂದಲೇ ಡಿಕ್ರಿ ರದ್ದು ಮಾಡುವಂತಿಲ್ಲ. ಆ ಮೆಸೇಜಿನಲ್ಲಿ ದಿನಾಂಕ ಇತ್ತಾ, ನೋಡಿ. ಇಲ್ಲದಿದ್ದರೆ ನಿಮಗೆ ವಾದಕ್ಕೆ ಜಾಗವಿದೆ. ಕೇಸ್ ಗೊತ್ತಿರುವುದು ಬೇರೆ, ಡಿಕ್ರಿ ಗೊತ್ತಾಗಿದ್ದು ಬೇರೆ. ಆದರೂ ನಂಬರ್ ಇಟ್ಟುಕೊಂಡು ವಿಚಾರಿಸಲಿಲ್ಲ ಯಾಕೆ ಅಂತ ಎದುರಿನ ವಕೀಲರು ಕೇಳಿಯೇ ಕೇಳುತ್ತಾರೆ.

ಇನ್ನೊಬ್ಬ ಸದಸ್ಯರು:
ಇಷ್ಟೆಲ್ಲ ಯಾಕೆ ಮೇಡಂ, ನೇರವಾಗಿ ಅಪೀಲು ಹೋಗಬಹುದಲ್ಲ?

ವಕೀಲರ ಉತ್ತರ:
ಹೋಗಬಹುದು ಸರ್, ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 96(2) ಇದೆ. ಆದರೆ ಇವರ ಕಡೆಯ ಸಾಕ್ಷ್ಯವೇ ದಾಖಲಾಗಿಲ್ಲ, ಅಪೀಲಿನಲ್ಲಿ ಏನನ್ನು ತೋರಿಸುತ್ತಾರೆ? ಎರಡನ್ನೂ ಒಟ್ಟಿಗೆ ಹಾಕಲು ಅಡ್ಡಿಯಿಲ್ಲ. ಅಪೀಲನ್ನು ವಾಪಸ್ ತೆಗೆದುಕೊಳ್ಳದೆ ಅದು ವಜಾ ಆಯಿತು ಅಂದರೆ ಮಾತ್ರ ನಿಯಮ 13ರ ದಾರಿ ಮುಚ್ಚಿಹೋಗುತ್ತದೆ. ಇವರಿಗೆ ನಾನು ಹೇಳುವುದು ನಿಯಮ 13ನ್ನೇ. ಅದು ವಜಾ ಆದರೆ ಆ ಆದೇಶದ ಮೇಲೆ ಬೇರೆ ಅಪೀಲು ಇದೆ.